ವರ್ಷಗಟ್ಟಲೆ ಬಿಟ್ಟ ಗಾಜಿನ ಕಲೆ ಮತ್ತೆ ಕೈಹಿಡಿಯುತ್ತದೆಯೇ? ‘21 ದಿನ’, ‘23 ನಿಮಿಷ’ದ ಫಾರ್ವರ್ಡ್‌ಗಳಲ್ಲಿ ಎಷ್ಟು ಸತ್ಯ?

ಕುಟುಂಬದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಶುಭೋದಯದ ಹೂವಿನ ಚಿತ್ರಗಳ ನಡುವೆ ಎರಡು ಬಗೆಯ ಸಂದೇಶಗಳು ಆಗಾಗ ಸುತ್ತು ಹೊಡೆಯುತ್ತಿರುತ್ತವೆ. ಒಂದು: ಯಾವುದೇ ಕೆಲಸವನ್ನು 21 ದಿನ ತಪ್ಪದೆ ಮಾಡಿದರೆ ಅದು ಅಭ್ಯಾಸವಾಗುತ್ತದೆ, ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಸಬೇಕು. ಇನ್ನೊಂದು: ಒಮ್ಮೆ ಗಮನ ಕದಲಿದರೆ ಮತ್ತೆ ಅದೇ ಕೆಲಸಕ್ಕೆ ಮನಸ್ಸು ಮರಳಲು 23 ನಿಮಿಷ 15 ಸೆಕೆಂಡ್ ಬೇಕು.

ಇವೆರಡನ್ನೂ ನಂಬಿದರೆ ಯಾರಿಗೆ ನಷ್ಟ ಎಂದು ಯೋಚಿಸಿ. ಕಾಲೇಜಿನ ದಿನಗಳಲ್ಲಿ ಚೆನ್ನಾಗಿ ಗ್ಲಾಸ್ ಪೇಂಟಿಂಗ್ ಮಾಡುತ್ತಿದ್ದು, ಮದುವೆಯಾದ ಮೇಲೆ ಬಣ್ಣದ ಡಬ್ಬವನ್ನು ಬೀರುವಿನ ಮೇಲಿಟ್ಟ ತುಮಕೂರಿನ ಗೃಹಿಣಿಗೆ. ಗುಬ್ಬಿಯಿಂದ ದಿನವೂ ತುಮಕೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಓಡಾಡಿ ಸಂಜೆ ಏಳಕ್ಕೆ ಮನೆ ಸೇರುವ ಶಿಕ್ಷಕಿಗೆ. ಕುಣಿಗಲ್‌ನಲ್ಲಿ ಅಂಗಡಿ ನೋಡಿಕೊಳ್ಳುತ್ತಾ, ವಯಸ್ಸಾದ ತಂದೆಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುತ್ತಾ, ಹಿಂದೊಮ್ಮೆ ಕಲಿತ ಬಣ್ಣದ ಗಾಜಿನ ಕೆಲಸವನ್ನು ನೆನೆಸಿಕೊಳ್ಳುವವರಿಗೆ. ಇಂಥ ಮನೆಗಳಲ್ಲಿ ಯಾರೂ ಕರೆಯದ 23 ನಿಮಿಷ ಸಿಗುವುದೇ ಅಪರೂಪ. ಕುಕ್ಕರ್ ಕೂಗುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಸಿಲಿಂಡರ್‌ನವರು ಬಾಗಿಲು ಬಡಿಯುತ್ತಾರೆ, ಕರೆಂಟ್ ಹೋಗುತ್ತದೆ. ‘ನಮ್ಮಿಂದ ಇನ್ನು ಆಗುವುದಲ್ಲ ಬಿಡಿ’ ಎಂದು ಡಬ್ಬ ಮತ್ತೆ ಬೀರುವಿನ ಮೇಲೇ ಉಳಿಯುತ್ತದೆ.

ಹಾಗಾಗಿ ಈ ಎರಡು ಅಂಕಿಗಳು ಎಲ್ಲಿಂದ ಬಂದವು, ಬಿಟ್ಟ ಕೈಕೆಲಸ ನಿಜಕ್ಕೂ ಮರೆತುಹೋಗುತ್ತದೆಯೇ, ನಡುನಡುವೆ ಎದ್ದು ಹೋಗಬೇಕಾದ ಮನೆಯಲ್ಲಿ ಗಾಜಿನಂಥ ವಸ್ತುವಿನೊಂದಿಗೆ ಕೆಲಸ ಮಾಡುವುದು ಹೇಗೆ ಎಂದು ನಾವು ಹುಡುಕಿ ನೋಡಿದೆವು.

ಚುಟುಕಾಗಿ ಹೇಳುವುದಾದರೆ: ಎರಡೂ ಫಾರ್ವರ್ಡ್‌ಗಳು ಮೂಲ ಮಾತನ್ನು ತಿರುಚಿವೆ. ಕೈಗೆ ಬಂದ ವಿದ್ಯೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಬೇಗ ಮರೆಯುವುದು ಕೆಲಸದ ಕ್ರಮ ಮತ್ತು ಎಚ್ಚರಿಕೆಗಳನ್ನು. ಗಾಜಿನ ಕೆಲಸದಲ್ಲಿ ಅಪಾಯ ಇರುವುದೂ ಅಲ್ಲೇ.

ಗಾಜಿನ ಕಲೆ ನಮ್ಮ ಕಡೆಗೆ ಹೊಸದೇ?

ಹೊಸದಲ್ಲ. ಒಡೆದ ಗಾಜಿನ ಬಳೆಯ ಚೂರುಗಳನ್ನು ದೀಪದ ಉರಿಗೆ ಹಿಡಿದು, ಮೆತ್ತಗಾದಾಗ ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡಿ ಬಾಗಿಲಿಗೆ ತೂಗುಹಾಕುವುದನ್ನು ಹಿಂದಿನ ತಲೆಮಾರಿನ ಹೆಣ್ಣುಮಕ್ಕಳು ಬಲ್ಲರು. ಗಾಜನ್ನು ಬಿಸಿ ಮಾಡಿ ಬೇಕಾದ ರೂಪಕ್ಕೆ ತರುವ ಕಲೆಯ ಮನೆಮಟ್ಟದ ರೂಪ ಅದು. ತುಮಕೂರು ಜಿಲ್ಲೆಯ ಗಡಿ ದಾಟಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕು ಸಿಗುತ್ತದೆ. ಅಲ್ಲಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಗಾಜಿಗೆ ಬೇಕಾದ ಕ್ಷಾರವನ್ನು ಅಲ್ಲಿಯವರು ಸುತ್ತಲಿನ ಚೌಳು ಮಣ್ಣಿನಿಂದಲೇ ತೆಗೆಯುತ್ತಿದ್ದರು.

ಅರಮನೆಯ ಮಟ್ಟದಲ್ಲಿ ನೋಡುವುದಾದರೆ, 1912ರಲ್ಲಿ ಕಟ್ಟಿ ಮುಗಿಸಿದ ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ ಇದೆ. ಅದರ ವಿನ್ಯಾಸ ಮೈಸೂರಿನ ಕಲಾವಿದರದ್ದು, ತಯಾರಾದದ್ದು ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ. ತುಮಕೂರಿನವರಿಗಂತೂ ಅಮಾನಿಕೆರೆಯ ಗಾಜಿನ ಮನೆ ಪರಿಚಿತ ಜಾಗ.

ಇಂದು ಮನೆಯಲ್ಲಿ ಮಾಡುವ ಗಾಜಿನ ಕೆಲಸಗಳಲ್ಲಿ ಮುಖ್ಯವಾದವು ಮೂರು. ಗಾಜಿನ ಮೇಲೆ ಅಥವಾ ಗಾಜಿನ ಹಿಂಬದಿಗೆ ಬಣ್ಣ ಹಚ್ಚುವುದು. ಬಳೆ ಚೂರು, ಕನ್ನಡಿ ಚೂರುಗಳನ್ನು ಜೋಡಿಸಿ ಮೊಸಾಯಿಕ್ ಮಾಡುವುದು. ಬಣ್ಣದ ಗಾಜನ್ನು ಆಕಾರಕ್ಕೆ ಕತ್ತರಿಸಿ, ಅಂಚಿಗೆ ತಾಮ್ರದ ಪಟ್ಟಿ ಸುತ್ತಿ, ಬೆಸುಗೆ ಹಾಕಿ ಜೋಡಿಸುವುದು. ಈ ಲೇಖನದ ಮಾತುಗಳೆಲ್ಲ ಈ ಮೂರಕ್ಕೆ ಸಂಬಂಧಿಸಿದವು.

ಐದಾರು ವರ್ಷ ಬಿಟ್ಟರೆ ಕೈ ಮರೆತುಬಿಡುತ್ತದೆಯೇ?

ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಹಳೆಯ ನಾಟಕವನ್ನು ವರ್ಷಗಳ ನಂತರ ಮತ್ತೆ ಆಡಬೇಕಾದರೆ ಮಾತುಗಳು ಹೊಸ ನಾಟಕಕ್ಕಿಂತ ಬೇಗ ಬಾಯಿಗೆ ಬರುತ್ತವೆ ಎಂಬುದು ಯಾವ ಕಂಪನಿ ನಟರಿಗೂ ಗೊತ್ತಿದ್ದ ವಿಷಯ. ಮರುವರ್ಷ, 1885ರಲ್ಲಿ, ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಇದನ್ನೇ ಅಳೆದು ಪುಸ್ತಕ ಬರೆದರು. ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತ ಮೇಲೆ ಮತ್ತೆ ಕಲಿತರು. ಪೂರ್ತಿ ಮರೆತಂತೆ ಕಂಡದ್ದನ್ನು ಎರಡನೇ ಸಲ ಕಲಿಯಲು ಕಡಿಮೆ ಸಮಯ ಸಾಕಾಯಿತು. ಅಂದರೆ ನೆನಪಿನಲ್ಲಿ ಇಲ್ಲ ಎಂದುಕೊಂಡದ್ದು ಸ್ವಲ್ಪವಾದರೂ ಉಳಿದೇ ಇತ್ತು. ಕಲಿಕೆಯ ಸಂಶೋಧಕರು ಈ ಉಳಿತಾಯದ ಮಾತನ್ನು ಇಂದಿಗೂ ಬಳಸುತ್ತಾರೆ.

ಕೈಕೆಲಸದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸೈಕಲ್ ಹೊಡೆಯುವುದು, ಈಜುವುದು, ರಂಗೋಲಿಯ ಎಳೆ ಎಳೆಯುವುದು ಇಂಥ ಸತತ ಚಲನೆಯ ಕೌಶಲಗಳು ವರ್ಷಗಳಾದರೂ ಚೆನ್ನಾಗಿ ಉಳಿಯುತ್ತವೆ. ಮೊದಲು ಇದು, ಆಮೇಲೆ ಅದು ಎಂಬ ಹಂತಗಳ ಕೌಶಲಗಳು ಬೇಗ ಮಸುಕಾಗುತ್ತವೆ. ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ಪ್ರಥಮ ಚಿಕಿತ್ಸೆಯನ್ನು ಕಲಿತವರು ಮರು ಅಭ್ಯಾಸ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಹಂತಗಳನ್ನು ತಪ್ಪುತ್ತಾರೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡ ಸಂಗತಿ.

ಗಾಜಿಗೆ ಇದನ್ನು ಹೊಂದಿಸಿ ನೋಡಿ. ಕೋನ್‌ನಿಂದ ಔಟ್‌ಲೈನ್ ಎಳೆಯುವ ಒತ್ತಡ, ಗಾಜು ಕತ್ತರಿಸುವ ಕಟರ್ ಹಿಡಿಯುವ ಹದ, ಗೀರು ಬೀಳುವಾಗ ಕೇಳುವ ಆ ಸಣ್ಣ ‘ಸರ್’ ಸದ್ದು ಇವು ಕೆಲವು ದಿನಗಳಲ್ಲೇ ಮರಳಿ ಬರುತ್ತವೆ. ಆದರೆ ಕನ್ನಡಕ ಹಾಕಿಕೊಂಡು ಶುರು ಮಾಡಬೇಕು, ಕತ್ತರಿಸಿದ ಅಂಚನ್ನು ಮೊದಲು ಸಾಣೆಕಲ್ಲಿಗೆ ಉಜ್ಜಬೇಕು, ಬೆಸುಗೆಯ ಮೇಲೆ ಕೈ ತೊಳೆಯಬೇಕು ಎಂಬ ಕ್ರಮ ಮರೆತಿರುತ್ತದೆ. ‘ನನಗೆ ಗೊತ್ತಿರುವ ಕೆಲಸವೇ’ ಎಂಬ ಧೈರ್ಯ ಮೊದಲು ಮರಳುತ್ತದೆ, ಎಚ್ಚರ ತಡವಾಗಿ ಮರಳುತ್ತದೆ. ಹೀಗಾಗಿ ಹಂತಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಕೆಲಸದ ಜಾಗದ ಎದುರು ಅಂಟಿಸಿಕೊಳ್ಳುವುದು ಹಳಬರಿಗೇ ಹೆಚ್ಚು ಬೇಕು.

‘21 ದಿನ ತಪ್ಪದೆ ಮಾಡಿ’: ಇದು ಎಲ್ಲಿಂದ ಬಂತು?

ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ‘ಸೈಕೋ ಸೈಬರ್ನೆಟಿಕ್ಸ್’ ಎಂಬ ಪುಸ್ತಕದಿಂದ. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ ಸುಮಾರು 21 ದಿನ ಹಿಡಿಯುತ್ತದೆ ಎಂದು ಅವರು ತಮ್ಮ ಅನುಭವದಿಂದ ಬರೆದರು. ಬಾಯಿಂದ ಬಾಯಿಗೆ ಸಾಗುವಾಗ ‘ಕನಿಷ್ಠ’ ಎಂಬ ಪದ ಬಿದ್ದುಹೋಯಿತು. ಹೊಸ ಮುಖದ ವಿಷಯ ಎಲ್ಲ ಅಭ್ಯಾಸಗಳ ವಿಷಯವಾಯಿತು.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು. 2009ರಲ್ಲಿ ಹೊರಬಂದ ಅವರ ಅಧ್ಯಯನದಲ್ಲಿ 96 ಜನರು ಊಟದ ಜೊತೆ ನೀರು ಕುಡಿಯುವುದು, ಹಣ್ಣು ತಿನ್ನುವುದು, ಊಟಕ್ಕೆ ಮುಂಚೆ ಓಡುವುದು ಮುಂತಾದ ಒಂದೊಂದು ಅಭ್ಯಾಸ ಆರಿಸಿಕೊಂಡು 12 ವಾರ ದಾಖಲಿಸಿದರು. ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಅವಧಿಯ ಮಧ್ಯದ ಅಂಕಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಅಂದಾಜು 254 ದಿನ ಬೇಕಾಗುವಂತಿತ್ತು.

ನಮ್ಮ ವಿಷಯಕ್ಕೆ ಅತಿ ಮುಖ್ಯವಾದ ಮಾತು ಅದೇ ಅಧ್ಯಯನದಲ್ಲಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ನೆಂಟರು ಬಂದರು, ಜಾತ್ರೆಗೆ ಹೋದಿರಿ, ಮಗುವಿಗೆ ಜ್ವರ ಬಂತು ಎಂದು ಒಂದು ದಿನ ಕೂರಲಾಗಲಿಲ್ಲವೆಂದರೆ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ. ಮಾರನೆಯ ದಿನ ಕೂತರೆ ಆಯಿತು.

‘21 ದಿನ, ಒಂದೂ ತಪ್ಪದೆ’ ಎಂಬ ಫಾರ್ವರ್ಡ್: ತಪ್ಪು.

‘23 ನಿಮಿಷ 15 ಸೆಕೆಂಡ್’: ಇದರ ಕಥೆ ಏನು?

ಈ ಅಂಕಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರ ಹೆಸರಿನಲ್ಲಿ ಓಡಾಡುತ್ತದೆ. ಅವರ ತಂಡ ಕಚೇರಿ ನೌಕರರ ಪಕ್ಕದಲ್ಲೇ ಕೂತು, ಅವರು ಯಾವ ಕೆಲಸದಿಂದ ಯಾವ ಕೆಲಸಕ್ಕೆ ಹಾರುತ್ತಾರೆ ಎಂದು ಗಡಿಯಾರ ಹಿಡಿದು ಬರೆದುಕೊಂಡಿತು. ಅರ್ಧಕ್ಕೆ ನಿಂತ ಕೆಲಸಕ್ಕೆ ಮರಳುವ ಹೊತ್ತಿಗೆ ಸರಾಸರಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಳೆದಿರುತ್ತಿತ್ತು ಎಂಬುದು ನಿಜ. ಆದರೆ ಆ ಸಮಯವೆಲ್ಲ ಮನಸ್ಸು ದಾರಿ ಹುಡುಕುತ್ತಾ ಕಳೆದದ್ದಲ್ಲ. ನಡುವೆ ಅವರು ಬೇರೆ ಎರಡು ಕೆಲಸಗಳನ್ನಾದರೂ ಮಾಡಿರುತ್ತಿದ್ದರು. ಹಾಲು ಉಕ್ಕುತ್ತದೆಂದು ಎದ್ದು ಹೋಗಿ, ಹಾಗೇ ಪಾತ್ರೆ ತೊಳೆದು, ಫೋನ್ ಬಂತೆಂದು ಮಾತಾಡಿ, ಆಮೇಲೆ ಗಾಜಿನ ಮುಂದೆ ಬಂದು ಕೂತಂತೆ.

ಹಾಲು ಇಳಿಸಿ ನೇರ ವಾಪಸ್ ಬಂದು ಕೂತವರಿಗೂ 23 ನಿಮಿಷ ಬೇಕು ಎಂದು ಆ ಅಧ್ಯಯನ ಹೇಳುವುದಿಲ್ಲ. ಕಚೇರಿಯವರ ಗಮನ ಕದಲಿದ ಸಂದರ್ಭಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಹೊರಗಿನಿಂದ ಬಂದವಲ್ಲ, ಅವರಾಗಿಯೇ ಬೇರೆ ಕೆಲಸಕ್ಕೆ ಹೊರಳಿದ್ದು ಎಂಬುದೂ ಅದರಲ್ಲಿದೆ. ಫೋನ್ ಕೈಗೆತ್ತಿಕೊಳ್ಳುವ ನಮ್ಮೆಲ್ಲರಿಗೂ ಇದು ಅನ್ವಯಿಸುತ್ತದೆ.

ಹಾಗೆಂದು ಅಡಚಣೆಯಿಂದ ನಷ್ಟವೇ ಇಲ್ಲ ಎನ್ನಲಾಗದು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದಂತೆ, ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ. ಇದಕ್ಕೆ ಅವರು ಮತ್ತು ಥೆರೆಸಾ ಗ್ಲಾಂಬ್ 2018ರಲ್ಲಿ ಒಂದು ಸರಳ ಉಪಾಯವನ್ನು ಪರೀಕ್ಷಿಸಿದರು. ಏಳುವ ಮುನ್ನ ಒಂದು ನಿಮಿಷದಲ್ಲಿ, ‘ಎಲ್ಲಿಗೆ ಬಂದಿದ್ದೇನೆ, ಮರಳಿದಾಗ ಮೊದಲು ಏನು ಮಾಡಬೇಕು’ ಎಂದು ಬರೆದಿಟ್ಟವರು ಮುಂದಿನ ಕೆಲಸಕ್ಕೆ ಚೆನ್ನಾಗಿ ಮನಸ್ಸು ಕೊಟ್ಟರು.

ಗಾಜಿನ ಹಿಂಬದಿಗೆ ಚಿತ್ರ ಬರೆಯುವವರಿಗೆ ಇದು ಬಹಳ ಉಪಯೋಗಿ. ಈ ಚಿತ್ರಕಲೆಯಲ್ಲಿ ಕ್ರಮ ತಿರುಗುಮುರುಗು. ಎದುರಿನಿಂದ ನೋಡುವವರಿಗೆ ಮೇಲೆ ಕಾಣಬೇಕಾದ ಕಣ್ಣು, ಆಭರಣ, ಹೂವಿನ ಎಳೆಗಳನ್ನು ಮೊದಲು ಬರೆಯಬೇಕು. ಮುಖ, ಸೀರೆ ಆಮೇಲೆ, ಹಿನ್ನೆಲೆ ಕಟ್ಟಕಡೆಗೆ. ನಡುವೆ ಎದ್ದು ಹೋಗಿ ಬಂದು, ಓಲೆ ಬರೆಯುವ ಮುಂಚೆ ಕೆನ್ನೆಯ ಬಣ್ಣ ಹಚ್ಚಿದರೆ ಓಲೆ ಮತ್ತೆ ಕಾಣುವುದೇ ಇಲ್ಲ. ‘ಓಲೆ ಆಯಿತು, ಮೂಗುತಿ ಬಾಕಿ’ ಎಂಬ ಒಂದು ಚೀಟಿಯನ್ನು ಗಾಜಿನ ಮೂಲೆಗೆ ಟೇಪ್‌ನಿಂದ ಅಂಟಿಸಿ ಏಳಿ.

‘23 ನಿಮಿಷ’ದ ಫಾರ್ವರ್ಡ್: ಅರ್ಧ ಸತ್ಯ.

ದಿನಕ್ಕೆ ಹದಿನೈದು ನಿಮಿಷದಿಂದ ಏನಾದೀತು?

ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವಾಗ ಅಲನ್ ಬ್ಯಾಡ್ಲೀ ಮತ್ತು ಲಾಂಗ್‌ಮನ್ ಒಂದು ಪ್ರಯೋಗ ಮಾಡಿದರು. ಫಲಿತಾಂಶ ಪ್ರಕಟವಾದದ್ದು 1978ರಲ್ಲಿ. ಒಂದು ಗುಂಪು ದಿನಕ್ಕೆ ಒಂದೇ ಗಂಟೆ ಕಲಿಯಿತು. ಇನ್ನೊಂದು ಗುಂಪು ಎರಡೆರಡು ಗಂಟೆಯಂತೆ ದಿನಕ್ಕೆ ಎರಡು ಸಲ ಕೂತಿತು. ದಿನಕ್ಕೆ ಒಂದು ಗಂಟೆ ಕಲಿತವರು ಒಟ್ಟು ಲೆಕ್ಕದಲ್ಲಿ ಕಡಿಮೆ ಗಂಟೆಗಳಲ್ಲೇ ಕಲಿತರು. ಕುತೂಹಲದ ಸಂಗತಿ ಎಂದರೆ, ಅತೃಪ್ತಿ ಹೆಚ್ಚಿದ್ದದ್ದೂ ಅವರಿಗೇ. ಇನ್ನೊಂದು ಗುಂಪಿನವರು ದಿನಗಳ ಲೆಕ್ಕದಲ್ಲಿ ಮುಂದೆ ಓಡುತ್ತಿರುವುದು ಕಾಣುತ್ತಿತ್ತಲ್ಲ!

ಕೂರುವ ಹೊತ್ತನ್ನು ಹಂಚಿದಷ್ಟೂ ಪ್ರತಿ ಗಂಟೆಯಿಂದ ಸಿಗುವ ಫಲ ಹೆಚ್ಚು ಎಂಬುದು ಕಲಿಕೆಯ ವಿಜ್ಞಾನದಲ್ಲಿ ಪದೇಪದೇ ಖಚಿತವಾದ ಮಾತು. ಯೂಟ್ಯೂಬ್‌ನಲ್ಲಿ ಯಾರೋ ಒಂದೇ ದಿನದಲ್ಲಿ ಮುಗಿಸಿದ ಕಿಟಕಿ ನೋಡಿ ನಿಮ್ಮ ಹದಿನೈದು ನಿಮಿಷವನ್ನು ಅಳೆಯಬೇಡಿ.

ಅರ್ಧಕ್ಕೆ ಬಿಟ್ಟ ಗಾಜು ಇಟ್ಟಲ್ಲೇ ಕೆಡುತ್ತದೆಯೇ?

‘ಗಾಜು ನಿಜಕ್ಕೂ ದ್ರವ, ನಿಧಾನವಾಗಿ ಕೆಳಕ್ಕೆ ಹರಿಯುತ್ತದೆ, ಅದಕ್ಕೇ ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಗೆ ದಪ್ಪ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ತಪ್ಪು. ಬ್ರೆಜಿಲ್‌ನ ಗಾಜು ವಿಜ್ಞಾನಿ ಎಡ್ಗರ್ ಜನೊಟ್ಟೊ 1998ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ಕೋಣೆಯ ಉಷ್ಣತೆಯಲ್ಲಿ ಕಿಟಕಿಯ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸಿಗಿಂತಲೂ ಹೆಚ್ಚು ಕಾಲ ಬೇಕು. ಹಿಂದಿನ ಕಾಲದಲ್ಲಿ ಗಾಜಿನ ಹಾಳೆಯನ್ನು ಊದಿ, ತಿರುಗಿಸಿ ಮಾಡುತ್ತಿದ್ದರಿಂದ ಒಂದು ಕಡೆ ದಪ್ಪವಾಗುತ್ತಿತ್ತು. ಕೂರಿಸುವವರು ದಪ್ಪ ಭಾಗವನ್ನು ಕೆಳಗೆ ಇಡುತ್ತಿದ್ದುದುಂಟು, ಅಷ್ಟೇ.

ಅಂದರೆ ಗಾಜು ನಿಮಗಾಗಿ ಕಾಯುತ್ತದೆ. ಸುತ್ತಲಿನ ಸಾಮಾನು ಮಾತ್ರ ಕಾಯುವುದಿಲ್ಲ. ಬಣ್ಣದ ಬಾಟಲಿ ಒಣಗುತ್ತದೆ. ಕಟರ್‌ನ ಪುಟ್ಟ ಚಕ್ರ ತುಕ್ಕು ಹಿಡಿಯುತ್ತದೆ. ತಾಮ್ರದ ಪಟ್ಟಿ ಕಪ್ಪಾಗುತ್ತದೆ, ಹಾಗಾದ ಮೇಲೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ತೇವವಿರುವ ಕಡೆ ಒಂದರ ಮೇಲೊಂದು ಪೇರಿಸಿಟ್ಟ ಗಾಜಿನ ಹಾಳೆಗಳ ಮೇಲೆ ಬಿಳಿ ಪೊರೆ ಬರುತ್ತದೆ. ನಡುವೆ ಒಣ ದಿನಪತ್ರಿಕೆ ಇಟ್ಟು, ನಿಲ್ಲಿಸಿ ಇಡುವುದು ಒಳ್ಳೆಯದು. ವರ್ಷಗಳ ನಂತರ ಡಬ್ಬ ತೆಗೆದಾಗ ಮೊದಲ ದಿನದ ಕೆಲಸ ಇದನ್ನೆಲ್ಲ ನೋಡಿ ವಿಂಗಡಿಸುವುದೇ ಆಗಲಿ.

ಯಾವುದನ್ನು ನಡುವೆ ಬಿಟ್ಟು ಏಳಬಹುದು, ಯಾವುದನ್ನು ಏಳಬಾರದು?

ಅಡಚಣೆ ಇರುವ ಮನೆಯಲ್ಲಿ ಗಾಜಿನ ಕೆಲಸ ಸಾಗಬೇಕಾದರೆ ಈ ಎರಡು ಪಟ್ಟಿ ತಿಳಿದಿರಬೇಕು.

ಬಿಟ್ಟು ಏಳಬಹುದಾದವು:
- ವಿನ್ಯಾಸ ಬರೆಯುವುದು, ಕಾಗದದ ಅಚ್ಚು ಕತ್ತರಿಸುವುದು, ಗಾಜಿನ ಚೂರುಗಳನ್ನು ಬಣ್ಣದ ಪ್ರಕಾರ ವಿಂಗಡಿಸುವುದು
- ಔಟ್‌ಲೈನ್ ಎಳೆದು ಒಣಗಲು ಬಿಡುವುದು
- ಮೊಸಾಯಿಕ್ ಚೂರುಗಳನ್ನು ಅಂಟಿಸುವುದು
- ಅಂಚಿಗೆ ತಾಮ್ರದ ಪಟ್ಟಿ ಸುತ್ತುವುದು

ಬಿಟ್ಟು ಏಳಬಾರದವು:
- ಗೀರು ಹಾಕಿ ಮುರಿಯುವುದು
- ಬೆಸುಗೆ ಹಾಕುವುದು
- ಉರಿಗೆ ಹಿಡಿದು ಬಗ್ಗಿಸುವುದು
- ಅಂಚು ಉಜ್ಜುವುದು

ಗೀರು ಹಾಕಿದ ಕೂಡಲೇ ಮುರಿಯಬೇಕು ಎಂದು ಗಾಜಿನ ಅಂಗಡಿಯವರು ಹೇಳುವುದು ಸುಮ್ಮನೆ ಅಲ್ಲ. ಕಟರ್ ಚಕ್ರ ಗಾಜಿನ ಮೈಯಲ್ಲಿ ಬಹಳ ಸಣ್ಣ ಬಿರುಕು ಮಾಡಿ, ಅದರ ಸುತ್ತ ಒಂದು ಎಳೆತವನ್ನು ಉಳಿಸುತ್ತದೆ. ಆ ಎಳೆತ ಹೊಸದಾಗಿರುವಾಗ ಮುರಿತ ನೇರ ಗೀರಿನ ಗುಂಟ ಸಾಗುತ್ತದೆ. ಹೊತ್ತು ಕಳೆದಂತೆ ಎಳೆತ ಸಡಿಲವಾಗಿ, ಅಕ್ಕಪಕ್ಕಕ್ಕೆ ಸಣ್ಣ ಬಿರುಕುಗಳು ಬೆಳೆದು, ಮುರಿತ ದಾರಿ ತಪ್ಪಬಹುದು. ‘ನೀರು ಬಂತು’ ಎಂದು ಯಾರಾದರೂ ಕೂಗಿದರೆ ಹೊಸ ಗೀರು ಹಾಕಬೇಡಿ. ಗೀರು ಹಾಕಿಯಾಗಿದ್ದರೆ ಮುರಿದೇ ಏಳಿ. ಬೆಸುಗೆಯ ಕಡ್ಡಿ ಬಿಸಿಯಿರುವಾಗ ಏಳಬೇಕಾಗಿ ಬಂದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಏಳಿ. ಕರೆಂಟ್ ಹೋಯಿತೆಂದು ಹಾಗೇ ಬಿಟ್ಟು ಹೋಗುವುದಂತೂ ಬೇಡ. ನೀವಿಲ್ಲದಾಗ ಕರೆಂಟ್ ಬಂದರೆ ಕಡ್ಡಿಯೂ ಕಾಯುತ್ತದೆ.

ಎರಡನೇ ಪಟ್ಟಿಯ ಕೆಲಸಗಳನ್ನು ಮಕ್ಕಳು ಶಾಲೆಗೆ ಹೋದ ಮೇಲೆ ಅಥವಾ ಭಾನುವಾರ ಯಾರಾದರೂ ಮನೆ ನೋಡಿಕೊಳ್ಳುವ ಅರ್ಧ ಗಂಟೆಗೆ ಇಟ್ಟುಕೊಳ್ಳಿ. ಮೊದಲನೇ ಪಟ್ಟಿಯದ್ದು ಕುಕ್ಕರ್ ಕೂಗುವ ನಡುವೆಯೂ ಸಾಗುತ್ತದೆ.

‘ನೀರಿನೊಳಗೆ ಕತ್ತರಿಯಿಂದ ಗಾಜು ಕತ್ತರಿಸಿ’: ವಿಡಿಯೊ ನಿಜವೇ?

ಕಟರ್ ಕಳೆದುಹೋಗಿದೆ ಎನ್ನುವವರಿಗೆ ಈ ವಿಡಿಯೊ ಬಂದೇ ಬರುತ್ತದೆ. ಇದು ಪೂರ್ತಿ ಸುಳ್ಳಲ್ಲ. ಬಿರುಕಿನ ತುದಿಯಲ್ಲಿ ನೀರಿನ ಅಣುಗಳು ಗಾಜಿನೊಳಗಿನ ಸಿಲಿಕಾನ್–ಆಮ್ಲಜನಕ ಬಂಧಗಳನ್ನು ಸಡಿಲಿಸುತ್ತವೆ. ಹಾಗಾಗಿ ತೆಳುವಾದ ಗಾಜಿನ ಅಂಚನ್ನು ನೀರಿನಲ್ಲಿ ಹಿಡಿದು ಕತ್ತರಿಯಿಂದ ಚೂರುಚೂರಾಗಿ ಕಡಿಯಲು ಸಾಧ್ಯ. ಆದರೆ ನೇರ ಗೆರೆ ಬರುವುದಿಲ್ಲ, ಅಂಚು ಗರಗಸದಂತೆ ಆಗುತ್ತದೆ. ಬಕೆಟ್ಟಿನ ತಳದಲ್ಲಿ ಉಳಿದ ಕಣ್ಣಿಗೆ ಕಾಣದ ಚೂರುಗಳು ಆ ಬಕೆಟ್ಟಿಗೆ ಕೈಹಾಕುವ ಮುಂದಿನವರಿಗೆ ಕಾದಿರುತ್ತವೆ. ಒಳ್ಳೆಯ ಕಟರ್ ಕೊಳ್ಳುವುದೇ ಸುರಕ್ಷಿತ.

ಇನ್ನೊಂದು ಮಾತು. ಕಾರಿನ ಪಕ್ಕದ ಕಿಟಕಿ, ಗಾಜಿನ ಬಾಗಿಲು ಇವು ಹದಗೊಳಿಸಿದ ಟಫನ್ಡ್ ಗಾಜು. ಇವನ್ನು ಯಾವ ಕಟರ್‌ನಿಂದಲೂ ಕತ್ತರಿಸಲಾಗದು. ಗೀರು ಆಳಕ್ಕೆ ಹೋದರೆ ಇಡೀ ಹಾಳೆ ಒಮ್ಮೆಲೇ ಕಾಳುಕಾಳಾಗಿ ಸಿಡಿಯುತ್ತದೆ.

ಎಚ್ಚರಿಕೆಯ ಹೆಸರಿನಲ್ಲಿ ಓಡಾಡುವ ಮೂರು ತಪ್ಪು ನಂಬಿಕೆಗಳು

ಮೊದಲನೆಯದು, ‘ಬೆಸುಗೆ ಹಾಕುವಾಗ ಮಾಸ್ಕ್ ಹಾಕಿದರೆ ಸಾಕು.’ ಸಾಮಾನ್ಯವಾಗಿ ಸಿಗುವ ಬೆಸುಗೆ ತಂತಿಯಲ್ಲಿ ತವರದ ಜೊತೆ ಸೀಸ ಇರುತ್ತದೆ. ಏಳುವ ಹೊಗೆ ಬಹುಪಾಲು ಫ್ಲಕ್ಸ್‌ನದು. ಅದು ಆಸ್ತಮಾ ಇರುವವರಿಗೆ ತೊಂದರೆ ಕೊಡುತ್ತದೆ, ಕಿಟಕಿ ತೆರೆದಿರಬೇಕು. ಸೀಸ ದೇಹಕ್ಕೆ ಸೇರುವ ಮುಖ್ಯ ದಾರಿ ಕೈಯಿಂದ ಬಾಯಿಗೆ. ಬೆಸುಗೆ ಮಾಡಿದ ಕೈಯಲ್ಲೇ ರೊಟ್ಟಿ ತಟ್ಟುವುದು, ಮಗುವಿಗೆ ತುತ್ತು ಕೊಡುವುದು ಅಪಾಯ. ಸೀಸದ ಮಟ್ಟಿಗೆ ಇಷ್ಟಾದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಪ್ರಮಾಣ ಯಾವುದೂ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳಬಹುದು ಎಂದೂ ಅದು ಹೇಳುತ್ತದೆ. ಅಡುಗೆ ಕಟ್ಟೆಯ ಮೇಲೆ ಬೆಸುಗೆ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳಿರುವ ಮನೆಯವರು ಸೀಸವಿಲ್ಲದ ತಂತಿ ಕೇಳಿ ಕೊಳ್ಳಿ, ಇಲ್ಲವೇ ಬೆಸುಗೆಯ ಕೆಲಸವನ್ನೇ ಮುಂದಕ್ಕೆ ಹಾಕಿ.

ಎರಡನೆಯದು, ‘ಗಾಜಿನ ಧೂಳಿಗೆ ಬೆಲ್ಲ ತಿಂದರೆ ಆಯಿತು.’ ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ. ಬೆಲ್ಲ ಅದನ್ನು ತೊಳೆದು ತರುವುದಿಲ್ಲ. ಅಂಚು ಉಜ್ಜುವಾಗ ಕಲ್ಲನ್ನೂ ಗಾಜನ್ನೂ ಒದ್ದೆಯಾಗಿಟ್ಟರೆ ಧೂಳು ಏಳುವುದೇ ಇಲ್ಲ. ಚೂರು ಬಿದ್ದ ಜಾಗವನ್ನು ಪೊರಕೆಯಿಂದ ಗುಡಿಸಿದ ಮೇಲೆ ಒದ್ದೆ ಕಾಗದದಿಂದ ಒತ್ತಿ ತೆಗೆಯಿರಿ.

ಮೂರನೆಯದು, ‘ಕಾಲಿಗೆ ಹೊಕ್ಕ ಗಾಜು ರಕ್ತದಲ್ಲಿ ಹರಿದು ಹೃದಯಕ್ಕೆ ಹೋಗುತ್ತದೆ.’ ಕಾಲಿಗೆ ಹೊಕ್ಕ ಚೂರು ಸಾಮಾನ್ಯವಾಗಿ ಹೊಕ್ಕ ಜಾಗದಲ್ಲೇ ಉಳಿದು ಸೋಂಕು, ನೋವು ತರುತ್ತದೆ. ಗಾಯಕ್ಕೆ ಕಾಫಿ ಪುಡಿ ತುಂಬಬೇಡಿ. ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗಾಯ ಆಳವಾಗಿದ್ದರೆ, ಒಳಗೆ ಚೂರು ಉಳಿದಿದೆ ಎನಿಸಿದರೆ, ಬೆರಳು ಮರಗಟ್ಟಿದ್ದರೆ ಆಸ್ಪತ್ರೆಗೆ ಹೋಗಿ. ಗಾಜಿನ ಚೂರುಗಳು ತೀರಾ ಸಣ್ಣವಲ್ಲದಿದ್ದರೆ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತವೆ. ಟಿಟಿ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.

ಬಳೆ ಚೂರಿನ ಸರ ಮಾಡುವವರಿಗೂ ಒಂದು ಮಾತು: ಈಗ ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಬಳೆಗಳು ಬಹಳ. ಉರಿಗೆ ಹಿಡಿಯುವ ಮುನ್ನ ಗಾಜೇ ಹೌದೆಂದು ನೋಡಿಕೊಳ್ಳಿ. ಮಕ್ಕಳ ಕೈಗೆ ಇದನ್ನು ಬಿಡಬೇಡಿ.

ಹಾಗಾದರೆ ಎಲ್ಲಿಂದ ಶುರು ಮಾಡುವುದು?

ಮೊದಲ ವಾರ ಗಾಜು ಕತ್ತರಿಸಲೇಬೇಡಿ. ಡಬ್ಬ ತೆರೆದು, ವಿಂಗಡಿಸಿ, ಒಣಗಿದ್ದನ್ನು ಎಸೆದು, ಹಂತಗಳ ಪಟ್ಟಿ ಬರೆದು ಅಂಟಿಸಿ. ಮನೆಯಲ್ಲಿ ಎತ್ತರದ, ಮಕ್ಕಳಿಗೆ ಎಟುಕದ ಒಂದು ಜಾಗ ಗೊತ್ತು ಮಾಡಿ. ಎಲ್ಲ ಸಾಮಾನು ಒಂದೇ ಟ್ರೇಯಲ್ಲಿದ್ದರೆ ಒಂದೇ ಸಲಕ್ಕೆ ಎತ್ತಿಡಬಹುದು. ಯಾರಾದರೂ ಕರೆದಾಗ ಆ ಟ್ರೇ ಮೇಲೆ ಹೋಗಬೇಕು, ಆಮೇಲೆ ನೀವು ಬಾಗಿಲಿಗೆ ಹೋಗಬೇಕು.

ಎರಡನೇ ವಾರ ಫೋಟೊ ಫ್ರೇಮ್ ಅಂಗಡಿಯಲ್ಲಿ ಉಳಿದ ತುಂಡು ಗಾಜು ಕೇಳಿ ತನ್ನಿ. ಅದರ ಮೇಲೆ ಬರೀ ಗೆರೆ ಎಳೆಯಿರಿ. ಬಣ್ಣದವರು ಔಟ್‌ಲೈನ್, ಕತ್ತರಿಸುವವರು ಕನ್ನಡಕ ಮತ್ತು ಚಪ್ಪಲಿ ಹಾಕಿಕೊಂಡು ನೇರ ಗೀರು. ಏನನ್ನೂ ಮುಗಿಸಿ ತೋರಿಸುವ ಗುರಿ ಬೇಡ.

ಮೂರನೇ ವಾರದಿಂದ ಅಂಗೈ ಅಗಲದ ಒಂದು ಚಿಕ್ಕ ಕೆಲಸ ತೆಗೆದುಕೊಳ್ಳಿ: ಒಂದು ಎಲೆ, ಒಂದು ದೀಪ, ನಾಲ್ಕೈದು ತುಂಡಿನ ಒಂದು ಹೂವು. ನಡುವೆ ಎದ್ದಾಗಲೆಲ್ಲ ಚೀಟಿ ಬರೆದು ಏಳಿ. ಎರಡು ದಿನ ಕೂರಲಾಗದಿದ್ದರೆ ಮೂರನೇ ದಿನ ಚೀಟಿ ಓದಿ ಮುಂದುವರಿಸಿ. ವಾರಗಳ ಈ ಲೆಕ್ಕ ತಿಂಗಳುಗಳಿಗೆ ಹಿಗ್ಗಿದರೂ ತೊಂದರೆಯಿಲ್ಲ.

ಮನೆಯವರಿಗೂ ಇಲ್ಲಿ ಒಂದು ಪಾಲಿದೆ. ಬೆಸುಗೆಗೆ, ಕತ್ತರಿಸುವುದಕ್ಕೆ ಯಾರೂ ಕರೆಯದ ಅರ್ಧ ಗಂಟೆ ಬೇಕೇ ಬೇಕು. ವಾರಕ್ಕೊಮ್ಮೆ ಆ ಅರ್ಧ ಗಂಟೆ ಬಾಗಿಲು, ಫೋನ್, ಮಗು ಮೂರನ್ನೂ ಇನ್ನೊಬ್ಬರು ನೋಡಿಕೊಂಡರೆ, ಉಳಿದ ಆರು ದಿನದ ಅಡಚಣೆಗಳ ನಡುವೆಯೂ ಕೆಲಸ ಸಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

‘21 ದಿನ’, ‘23 ನಿಮಿಷ’ದಂಥ ಅಂಕಿಗಳು ಖಚಿತವಾಗಿ ಕಾಣುತ್ತವೆ, ಅದಕ್ಕೇ ಬೇಗ ಹಬ್ಬುತ್ತವೆ. ಓದಿ ಮುಗಿಸಿದ ಮೇಲೆ ‘ನನ್ನಂಥವರಿಂದ ಆಗುವುದಿಲ್ಲ’ ಎನಿಸುವ ಸಂದೇಶ ಬಂದರೆ, ಆ ಅಂಕಿಯನ್ನು ಯಾರನ್ನು ಅಳೆದು ತೆಗೆದರು ಎಂದು ಒಮ್ಮೆ ಕೇಳಿ. ನಿಮ್ಮ ಗ್ರೂಪಿನಲ್ಲಿ ಬೀರುವಿನ ಮೇಲೆ ಬಣ್ಣದ ಡಬ್ಬ ಇಟ್ಟಿರುವವರು ಯಾರಾದರೂ ಇದ್ದರೆ ಆ ಸಂದೇಶದ ಬದಲು ಇದನ್ನು ಕಳುಹಿಸಿ. ಬೆಸುಗೆ ಹಾಕಿದ ಮೇಲೆ ಕೈ ತೊಳೆಯುವ ಮಾತನ್ನು ಮಾತ್ರ ಫೋನ್ ಮಾಡಿ ಹೇಳಿ.